ಮೂಡ್ಲ ಗೆದ್ದ ಸೈಕಲ್ಲು

ನಮ್ಮ ಹಟ್ಟೀಲಿ ಒಬ್ಬಳು ಅವ್ವ, ಅವಳಿಗೊಬ್ಬ ಮಗ. ಅವ್ವನ ಹೆಸರು ಗಂಗಮಾಳಮ್ಮ, ಮಗನ ಹೆಸರು ಮೂಡ್ಲಗಿರಿ. ಅಷ್ಟುದ್ದ ಹೆಸರು ಅವನಿಗೇ ನೆನಪಿರಲ್ಲ ಅಂತ ನಾವೆಲ್ಲ ಮೂಡ್ಲ ಅಂತಿದ್ವಿ. ವಯಸ್ಸು ಇಪ್ಪತ್ತೆರಡು. ಕಾಲು ನೋಡಿದ್ರೆ ಎತ್ತಿನ ಕಾಲು, ಊಟ ನೋಡಿದ್ರೆ ಎರಡಾಳಿನ ಊಟ, ಬುದ್ಧಿ ಮಾತ್ರ ಕೇಳಬೇಡಿ. ಹೇಳಿದ್ದು ಮಾಡಲ್ಲ ಅನ್ನೋ ಹಂಗಿಲ್ಲ. ಹೇಳಿದ್ದನ್ನೇ ಮಾಡ್ತಾನೆ, ಅದೇ ಕಷ್ಟ. ಒಂದಿನ "ಹಾಲು ಉಕ್ಕಿದಾಗ ಕರಿಯೋ" ಅಂದಿದ್ಲು ಅವ್ವ. ಉಕ್ಕಿ, ಚೆಲ್ಲಿ, ಒಲೆ ಆರಿದ ಮೇಲೆ ಕರೆದ. ಮೊದಲೇ ಯಾಕೆ ಕರೀಲಿಲ್ಲ ಅಂದ್ರೆ, "ಉಕ್ಕದೆ ಹೆಂಗವ್ವ ಕರೀಲಿ" ಅಂದ.

ಗಂಗಮಾಳಮ್ಮ, ನಾನು ಇಬ್ಬರೂ ಸ್ಕೂಲಲ್ಲಿ ಬಿಸಿಯೂಟದ ಅಡುಗೆಯೋರು. ಸ್ಕೂಲು ಇರೋದು ಹಳ್ಳದಾಚೆ ದಿಬ್ಬದ ಮೇಲೆ, ಸೇತುವೆ ಸುತ್ತಿಕೊಂಡು ಮೂರು ಮೈಲಿ. ಬೇಳೆ ಚೀಲ ನನ್ನ ಕಂಕುಳಲ್ಲಿ, ತರಕಾರಿ ಬುಟ್ಟಿ ಅವಳ ತಲೆ ಮೇಲೆ. ಬಿಸಿಲಾಗಲಿ, ಮಳೆಯಾಗಲಿ, ಅವಳ ಮೊಣಕಾಲು ಬಾತು ಕುಂಬಳಕಾಯಿ ಆಗಿರಲಿ, ಬುಟ್ಟಿ ಇಳಿಯಲ್ಲ. ದಿನಾ ಬೆಳಿಗ್ಗೆ ಮೂಡ್ಲ ಎದ್ದು ಬುಟ್ಟಿ ಎತ್ತಿ ಅವಳ ತಲೆ ಮೇಲೆ ಇಡ್ತಾನೆ, ಬಾಗಿಲ ತನಕ ಬರ್ತಾನೆ, "ಜಾರುತ್ತೆ, ನೋಡ್ಕೊಂಡು ಹೋಗವ್ವ" ಅಂತಾನೆ. ಆಮೇಲೆ ಹೋಗಿ ಕಂಬಳಿ ಹೊದ್ದು ಮಲಗ್ತಾನೆ. ಪಾಪ, ಅದೊಂದು ಮಾತು ಒಂದಿನಾನೂ ತಪ್ಪಿಸಿದೋನಲ್ಲ.

ಹೋದ ಶ್ರಾವಣದಲ್ಲಿ ನಮ್ಮ ಗುಡ್ಡದ ಮೇಲೆ ಸೈಕಲ್ ಪಂದ್ಯ ಇಟ್ಟರು. ಬುಧವಾರ, ಗುರುವಾರ, ಶುಕ್ರವಾರ, ಮೂರು ದಿನ. ಪೇಟೆಯಿಂದ ನೂರು ಜನ ಬಂದ್ರು, ಮೈಗಂಟಿದ ಚಡ್ಡಿ ಹಾಕ್ಕೊಂಡು. ಮಳೇಲಿ ಕೆಸರಲ್ಲಿ ಹೊರಳೋಕೆ ದುಡ್ಡು ಕೊಟ್ಟು ಬರ್ತಾರಂತೆ. ನಾವು ದಿನಾ ಪುಕ್ಕಟೆ ಹೊರಳ್ತೀವಿ, ನಮಗೆ ಯಾರೂ ಚಪ್ಪಾಳೆ ಹೊಡೆದಿಲ್ಲ. ಇರಲಿ. ಊರಿನ ಹುಡುಗರೂ ಇರಲಿ ಅಂತ ಆರು ಸೈಕಲ್ ತಂದಿದ್ರು. ಷರತ್ತು ಒಂದೇ. ಗೆಲ್ಲೋದು ಬೇಡ, ಮೂರು ದಿನಾನೂ ಹೊತ್ತಿಗೆ ಸರಿಯಾಗಿ ಗೆರೆ ದಾಟಿದ್ರೆ ಸೈಕಲ್ಲು ಅವರಿಗೇ. ನಡುವೆ ಸುಸ್ತಾಗಿ ಜೀಪು ಹತ್ತಿದ್ರೆ ಸೈಕಲ್ಲು ವಾಪಸ್ಸು.

ಗಂಗಮಾಳಮ್ಮನ ಕಿವಿ ನೆಟ್ಟಗಾಯ್ತು. "ಆ ಸೈಕಲ್ಲು ಸಿಕ್ಕಿದ್ರೆ ಬುಟ್ಟಿ ಅದರ ಮೇಲೆ ಕಟ್ಟಬಹುದು ಕಣೇ. ಈ ಮೊಣಕಾಲು ಇನ್ನೊಂದು ಮಳೆಗಾಲ ಬಾಳಲ್ಲ" ಅಂದ್ಲು. ತಾನೇ ಹೋಗಿ ಮಗನ ಹೆಸರು ಬರೆಸಿದ್ಲು. ಪಂದ್ಯದ ಉಸ್ತುವಾರಿಗೆ ಇದ್ದೋರು ರಿಟೈರಾದ ಡ್ರಿಲ್ ಮೇಷ್ಟ್ರು ಹಾಲಸ್ವಾಮಿಯೋರು. ಕೊರಳಲ್ಲಿ ಪೀಪಿ, ಕೈಯಲ್ಲಿ ಛತ್ರಿ, ಬಾಯಲ್ಲಿ ಬುದ್ಧಿವಾದ. ಮೂರೂ ಒಂದು ಗಳಿಗೆ ಸುಮ್ಮನಿರಲ್ಲ.

ಬುಧವಾರ ಬೆಳಿಗ್ಗೆ ಅವ್ವ ಮಗನಿಗೆ ಮಳೆಗೆ ಅಂತ ಗೋಣಿಚೀಲದ ಕೊಪ್ಪೆ ಹೊದಿಸಿ, ರಾಗಿ ರೊಟ್ಟಿ ಕಟ್ಟಿಕೊಟ್ಟು ಹೇಳಿದ್ಲು, "ಇನ್ನೂ ಅದು ಪರರ ಸೊತ್ತು ಕಣೋ. ನೆನೆಸಬೇಡ, ಕೆಸರು ಮಾಡಬೇಡ, ಜೋಪಾನ."

"ಆಗಲಿ ಕಣವ್ವ, ಹಂಗೇ ಮಾಡ್ತೀನಿ" ಅಂದ ಮೂಡ್ಲ.

ಮೇಷ್ಟ್ರು ಪೀಪಿ ಊದಿದ್ರು, ಮಳೆ ಶುರುವಾಯ್ತು. ಎಲ್ಲರೂ ಸೈಕಲ್ ಹತ್ತಿದ್ರು, ಮೂಡ್ಲ ಇಳಿದ. ತನ್ನ ಕೊಪ್ಪೆ ತೆಗೆದು ಸೈಕಲ್ಲಿಗೆ ಹೊದಿಸಿದ, ಎತ್ತಿ ಹೆಗಲ ಮೇಲೆ ಇಟ್ಟುಕೊಂಡ, ನಡೆದ. ಇಪ್ಪತ್ತು ಮೈಲಿ ನಡೆದ. ಸಂತೆ ಮೈದಾನದಲ್ಲಿ ಗೆರೆ ಹತ್ರ ಅವ್ವ, ನಾನು, ಮೇಷ್ಟ್ರು ಕಾಯ್ತಾ ನಿಂತಿದ್ವಿ. ಐದು ಗಂಟೆಗೆ ಮುಗಿಯೋದು, ಐದಕ್ಕೆ ಐದು ನಿಮಿಷ ಇರುವಾಗ ಬಂದ. ಇವನು ಒದ್ದೆ ಮುದ್ದೆ, ಸೈಕಲ್ಲು ಅಂಗಡೀಲಿ ಇದ್ದಂಗೆ ಫಳಫಳ.

ಅವ್ವ ಹಣೆ ಹಣೆ ಚಚ್ಚಿಕೊಂಡ್ಲು. ಮೇಷ್ಟ್ರು ಛತ್ರಿ ಬೀಸಿ, "ಸೈಕಲ್ ಇರೋದು ನಿನ್ನ ಹೊರೋಕೋ, ನೀನು ಅದನ್ನ ಹೊರೋಕೋ? ತಲೇಲಿ ಏನು ಬೂಸಾ ತುಂಬೈತಾ?" ಅಂದ್ರು.

"ಅವ್ವಾನೇ ಹೇಳಿದ್ಲಲ್ಲ ಮೇಷ್ಟ್ರೇ."

"ಅವ್ವ ಹೇಳಿದ್ದು ಬಿಡು, ನಾನು ಹೇಳಿದ್ದು ಕೇಳು. ನಾಳೆ ಕೆಸರಿರಲಿ, ನೀರಿರಲಿ, ಗೆರೆ ದಾಟೋ ತನಕ ಸೈಕಲ್ ಮೇಲಿಂದ ಇಳೀಬೇಡ."

"ಆಗಲಿ ಮೇಷ್ಟ್ರೇ, ಹಂಗೇ ಮಾಡ್ತೀನಿ."

ಗುರುವಾರ ಇನ್ನೂ ಜೋರು ಮಳೆ. ನಮ್ಮ ಹಳ್ಳ ಕೆಂಪಗೆ, ಎದೆಮಟ್ಟ ಬಂದಿತ್ತು. ಅಡ್ಡಲಾಗಿ ಹಗ್ಗ ಕಟ್ಟಿ, ಒಬ್ಬೊಬ್ಬರನ್ನೇ ಇಳಿಸಿ, ಸೈಕಲ್ ಮೇಲೆತ್ತಿ ಹಿಡಿಸಿ ದಾಟಿಸ್ತಿದ್ರು ಮೇಷ್ಟ್ರು. ಮೂಡ್ಲ ಇಳಿಜಾರಲ್ಲಿ ಬಂದ. "ಇಳಿಯೋ" ಅಂದ್ರು ಮೇಷ್ಟ್ರು. ಇಳೀಲಿಲ್ಲ. "ಲೋ, ಇಳಿಯೋ" ಅಂತ ಪೀಪಿ ಊದಿದ್ರು. ಇಳೀಲಿಲ್ಲ. ಸೀದಾ ನೀರಿಗೆ ಬಿಟ್ಟ. ಒಂದು ಗಳಿಗೆ ತಲೆ ಕಂಡಿತು, ಆಮೇಲೆ ಹ್ಯಾಂಡಲ್ ಕಂಡಿತು, ಆಮೇಲೆ ಎರಡೂ ಕಾಣಲಿಲ್ಲ. ಹಗ್ಗಕ್ಕೆ ಸಿಕ್ಕಿಕೊಂಡಿದ್ದಕ್ಕೆ ಬದುಕಿದ. ನಾಲ್ಕು ಜನ ಎಳೆದು ಹಾಕಿದಾಗಲೂ ಎರಡು ಕಾಲಿನ ನಡುವೆ ಸೈಕಲ್ಲು ಹಂಗೇ ಇತ್ತು.

"ಇಳಿ ಅಂದ್ರೆ ಕಿವಿ ಕೇಳಲ್ವಾ ನಿಂಗೆ?"

"ಗೆರೆ ದಾಟೋ ತನಕ ಇಳೀಬೇಡ ಅಂತ ನೀವೇ ಹೇಳಿದ್ರಲ್ಲ ಮೇಷ್ಟ್ರೇ" ಅಂದ, ಮೂಗಿಂದ ನೀರು ಸೋರಿಸ್ಕೊಂಡು.

ಮೇಷ್ಟ್ರಿಗೆ ಅಳಬೇಕೋ ಹೊಡೀಬೇಕೋ ಗೊತ್ತಾಗಲಿಲ್ಲ. "ಮುಂದೆ ಹೋಗೋರನ್ನ ನೋಡಿ ಕಲಿಯೋ ಮಂಕೇ. ಅವರು ಇಳಿದ್ರೆ ಇಳಿ, ಹತ್ತಿದ್ರೆ ಹತ್ತು. ಅವರು ಹೆಂಗೆ ಮಾಡ್ತಾರೋ ಹಂಗೇ ಮಾಡು."

"ಆಗಲಿ ಮೇಷ್ಟ್ರೇ, ಹಂಗೇ ಮಾಡ್ತೀನಿ."

ಮುಂದೆ ಹೋಗ್ತಿದ್ದೋನು ಶ್ರೇಯಾಂಕ್ ಅಂತ ಒಬ್ಬ ಪೇಟೆ ಹುಡುಗ. ಅವನ ಕನ್ನಡಕದ ಬೆಲೆಗೆ ನಮ್ಮ ಹಟ್ಟೀಲಿ ಎರಡು ಕುರಿ ಬರ್ತಾವೆ. ಶ್ರೇಯಾಂಕ್ ಬಾಳೆಹಣ್ಣು ತಿಂದ, ಮೂಡ್ಲನ ಹತ್ರ ಬಾಳೆಹಣ್ಣಿಲ್ಲ, ರೊಟ್ಟಿ ಸುಲಿದು ತಿಂದ. ಶ್ರೇಯಾಂಕ್ ಮರದ ಹಿಂದೆ ಹೋದ, ಮೂಡ್ಲನೂ ಅದೇ ಮರದ ಹಿಂದೆ ಹೋದ. ಅವನು ಬೈದ, ಇವನೂ ಅದೇ ಬೈಗುಳ ಬೈದ. ಅವನು ಕೆಸರಲ್ಲಿ ಜಾರಿ ದಬಾರಂತ ಬಿದ್ದ, ಇವನು ಸೈಕಲ್ ನಿಲ್ಲಿಸಿ, ಜಾಗ ನೋಡಿ, ಅಲ್ಲೇ ದಬಾರಂತ ಬಿದ್ದ. ಶ್ರೇಯಾಂಕನ ಸೈಕಲ್ ಚೈನು ಕಿತ್ತಿತು. "ಸಾಕಪ್ಪ ಈ ಗ್ರಹಚಾರ" ಅಂತ ಅವನು ಹಿಂದೆ ಬರೋ ಜೀಪಿಗೆ ಕೈ ಅಡ್ಡ ಹಾಕಿದ. ಮೂಡ್ಲನೂ ಕೈ ಅಡ್ಡ ಹಾಕಿದ. ಅವನು ಒಂದು ಕಾಲು ಜೀಪೊಳಗೆ ಇಟ್ಟ. ಮೂಡ್ಲನೂ ಒಂದು ಕಾಲು ಎತ್ತಿದ.

ದೇವರು ದೊಡ್ಡೋನು, ಜೀಪಿನ ಮುಂದಿನ ಸೀಟಲ್ಲಿ ಮೇಷ್ಟ್ರೇ ಕೂತಿದ್ರು. ಛತ್ರಿ ಹಿಡಿಯಿಂದ ಮೂಡ್ಲನ ಎದೆಗೆ ಒತ್ತಿ ಹಿಂದಕ್ಕೆ ತಳ್ಳಿದ್ರು. "ಕಾಲಿಟ್ಟರೆ ಸೈಕಲ್ಲು ಹೋಯ್ತಲ್ಲೋ. ನಿಮ್ಮವ್ವನ ಮೊಣಕಾಲು ನೆನಪೈತಾ?"

"ನೀವೇ ಹೇಳಿದ್ರಲ್ಲ ಮೇಷ್ಟ್ರೇ."

"ಹೇಳಿದ್ದಕ್ಕೆ ನಾನೇ ಮೆಟ್ಟಲ್ಲಿ ಹೊಡ್ಕೋಬೇಕು. ಇನ್ಮೇಲೆ ಯಾರನ್ನೂ ನೋಡಬೇಡ. ದಾರಿ ಉದ್ದಕ್ಕೂ ಕೆಂಪು ರಿಬ್ಬನ್ ಕಟ್ಟಿಸಿದೀನಿ. ರಿಬ್ಬನ್ ಕಂಡ ಕಡೆ ಹೋಗು, ಅದನ್ನ ಬಿಟ್ಟು ಅತ್ತಿತ್ತ ಕಣ್ಣು ಹಾಯಿಸಬೇಡ."

"ಆಗಲಿ ಮೇಷ್ಟ್ರೇ, ಹಂಗೇ ಮಾಡ್ತೀನಿ."

ಆ ದಿನವೂ ಹೆಂಗೋ ಗೆರೆ ದಾಟಿದ. ಗಂಗಮಾಳಮ್ಮ ಆ ರಾತ್ರಿ ಮೊಣಕಾಲಿಗೆ ಬಿಸಿ ಉಪ್ಪಿನ ಶಾಖ ಕೊಟ್ಟುಕೊಳ್ತಾ, ಇನ್ನೊಂದೇ ದಿನ, ಇನ್ನೊಂದೇ ದಿನ ಅಂತ ಜಪ ಮಾಡಿದ್ಲಂತೆ.

ಶುಕ್ರವಾರ. ಕೊನೇ ದಿನ ಸಮಾರಂಭ ಅಂತ ಮೂರು ಗಂಟೆಗೇ ಮುಗೀಬೇಕು. ಮೂಡ್ಲ ರಿಬ್ಬನ್ ಹಿಡಿದು ಹೊರಟ. ಬೇಲಿ ಮೇಲೊಂದು ರಿಬ್ಬನ್, ಹೊಂಗೆ ಮರಕ್ಕೊಂದು ರಿಬ್ಬನ್. ಕವಲುದಾರೀಲಿ ಒಂದು ಹುಡುಗಿ ಸ್ಕೂಲಿಗೆ ಹೋಗ್ತಿತ್ತು, ಎರಡು ಜಡೆ ಮಡಚಿ ಕಟ್ಟಿಕೊಂಡು. ಜಡೆಗೊಂದರಂಗೆ ಎರಡು ಕೆಂಪು ರಿಬ್ಬನ್. ಮರದಲ್ಲಿ ಒಂದು, ಇಲ್ಲಿ ಎರಡು. ಮೂಡ್ಲ ಎರಡಿರೋ ಕಡೆಗೇ ತಿರುಗಿಸಿದ. ಮುಂದೆ ಇನ್ನೂ ನಾಲ್ಕು ಹುಡುಗೀರು ಸೇರ್ಕೊಂಡ್ರು, ಹತ್ತು ರಿಬ್ಬನ್ ಆಯ್ತು. ದಾರಿ ಸರಿಯಾಗಿದೆ ಅಂತ ಇವನಿಗೆ ಖಾತ್ರಿಯಾಯ್ತು.

ಸ್ಕೂಲಲ್ಲಿ ಮಧ್ಯಾಹ್ನ ನಾನು ಅನ್ನ ಬಡಿಸ್ತಿದ್ದೆ, ಗಂಗಮಾಳಮ್ಮ ಸಾರು. ಮಕ್ಕಳು ಸಾಲಾಗಿ ಬರ್ತಿದ್ವು. ತಟ್ಟೆ ಬಂತು, ಸಾರು ಹಾಕಿದ್ಲು. ತಟ್ಟೆ ಬಂತು, ಸಾರು ಹಾಕಿದ್ಲು. ಒಂದು ತಟ್ಟೆ ಸ್ವಲ್ಪ ಎತ್ತರದಿಂದ ಬಂತು. ತಲೆ ಎತ್ತಿ ನೋಡಿದ್ರೆ ಮಗ. ಬೆಳಿಗ್ಗೆಯಿಂದ ನಾಲ್ಕನೇ ಕ್ಲಾಸಲ್ಲಿ ಕೂತಿದ್ದನಂತೆ. ಪಂದ್ಯದೋರು ಯಾರೋ ಮಳೆಗೆ ನಿಂತಿದ್ದಾರೆ ಅಂತ ಟೀಚರು ಮರ್ಯಾದೆ ಕೊಟ್ಟು ಸುಮ್ಮನಿದ್ರಂತೆ. ಇವನು ಎರಡು ಲೆಕ್ಕನೂ ಮಾಡಿದ್ದ, ಎರಡೂ ತಪ್ಪು.

ಗಂಗಮಾಳಮ್ಮನ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. "ಇಲ್ಲಿಗ್ಯಾಕೆ ಬಂದೆಯೋ ನನ್ನ ಹೊಟ್ಟೆ ಉರಿಸೋಕೆ?"

"ರಿಬ್ಬನ್ ಇಲ್ಲೇ ಇದಾವಲ್ಲವ್ವ."

ಆಗ ಒಂದು ಗಂಟೆ. ಅವಳು ಸಾರಿನ ಪಾತ್ರೆ ನನ್ನ ಮೇಲೆ ಬಿಟ್ಟು, ಮಗನ ರಟ್ಟೆ ಹಿಡಿದು, ಸೈಕಲ್ ತಳ್ಳಿಸ್ಕೊಂಡು, ಆ ಬಾತ ಕಾಲಲ್ಲಿ ಕವಲುದಾರಿ ತನಕ ಓಡಿದ್ಲು. ಮಳೇಲಿ ಕುಂಟ್ತಾ ಓಡಿದ್ದು ನಾನು ಕಿಟಕೀಲಿ ನೋಡಿದೆ, ನನಗೇ ಕಣ್ಣಲ್ಲಿ ನೀರು ಬಂತು. ಅಲ್ಲಿ ನಿಲ್ಲಿಸಿ, "ಇಲ್ಲಿಂದ ಒಂದೇ ದಾರಿ. ಎಲ್ಲೂ ತಿರುಗಬೇಡ, ಮೈದಾನದಲ್ಲಿ ಗೆರೆ ಐತಲ್ಲ, ಅದು ಕಣ್ಣಿಗೆ ಬಿದ್ದ ಮೇಲೆ ದಾಟು, ಆಮೇಲೆ ನಿಲ್ಲು. ಗೆರೆ ನೆನಪಿಟ್ಟುಕೋ, ಗೆರೆ" ಅಂದ್ಲಂತೆ.

"ಆಗಲಿ ಕಣವ್ವ, ಹಂಗೇ ಮಾಡ್ತೀನಿ."

ತುಳಿದ ನೋಡಿ. ಎತ್ತಿನ ಕಾಲು ಅಂತ ಹೇಳಿದ್ನಲ್ಲ. ನಾನು ಪಾತ್ರೆ ತೊಳೆಯೋದು ಬಿಟ್ಟು, ಗಂಗಮಾಳಮ್ಮನ ಜೊತೆ ಅಡ್ಡದಾರೀಲಿ ಮೈದಾನಕ್ಕೆ ಹೋಗೋ ಹೊತ್ತಿಗೆ ಮೂಡ್ಲ ಅಲ್ಲೇ ಇದ್ದ. ಪಂದ್ಯ ಮುಗಿಯೋ ಕಡೆ ಕಟ್ಟಿದ್ದ ಕಮಾನಿನ ಮುಂದೆ, ಎರಡು ಮಾರು ದೂರದಲ್ಲಿ, ಸೈಕಲ್ ನಿಲ್ಲಿಸ್ಕೊಂಡು ನೆಲ ನೋಡ್ತಾ ನಿಂತಿದ್ದ. ಮೂರಕ್ಕೆ ನಾಲ್ಕು ನಿಮಿಷ. ಮೈಕಲ್ಲಿ ಕೂಗ್ತಾವ್ರೆ, ಜನ ಕೂಗ್ತಾವ್ರೆ, ದಾಟೋ, ದಾಟೋ ಅಂತ. ಇವನು ದಾಟಲ್ಲ.

"ಗೆರೆ ಎಲ್ಲಿ?" ಅಂತಾನೆ.

ಸುಣ್ಣದ ಗೆರೆ. ಮೂರು ದಿನದ ಮಳೆಗೆ ತೊಳೆದು ಹೋಗಿತ್ತು. ಅಷ್ಟು ಜನ ದಾಟಿ ಹೋಗಿದ್ರು, ಗೆರೆ ಇಲ್ಲ ಅಂತ ಒಬ್ಬರಿಗೂ ಗೊತ್ತಾಗಿರಲಿಲ್ಲ. ಇವನಿಗೆ ಗೊತ್ತಾಯ್ತು. ಮೇಷ್ಟ್ರು ಓಡಿಬಂದು ಛತ್ರಿ ತುದಿಯಿಂದ ಕೆಸರಲ್ಲಿ ಗೆರೆ ಎಳೆದ್ರು, ನೀರು ಮುಚ್ಚಿತು. ಇನ್ನೊಂದು ಎಳೆದ್ರು, ಅದೂ ಮುಚ್ಚಿತು. ಇನ್ನು ಎರಡೇ ನಿಮಿಷ. ಮೇಷ್ಟ್ರು ವೇದಿಕೆ ಹತ್ತಿ, ಮುಖ್ಯ ಅತಿಥಿಗಳಿಗೆ ಆಗಷ್ಟೇ ಹೊದಿಸಿದ್ದ ಜರಿ ಶಾಲನ್ನ ಹೆಗಲಿಂದ ಕಿತ್ತು ತಂದು ಕೆಸರಲ್ಲಿ ಅಡ್ಡಕ್ಕೆ ಹಾಸಿದ್ರು. "ಇದೇ ಗೆರೆ. ನಿನ್ನ ದಮ್ಮಯ್ಯ ಅಂತೀನಿ, ದಾಟು."

ದಾಟಿದ. ಅತಿಥಿಗಳ ಶಾಲಿನ ಮೇಲೆ ಎರಡು ಚಕ್ರದ ಗುರುತು ಬಿತ್ತು, ಮೂಡ್ಲನಿಗೆ ಸೈಕಲ್ಲು ಬಿತ್ತು.

ಗಂಗಮಾಳಮ್ಮ ಸೈಕಲ್ಲಿನ ಸೀಟು ಮುಟ್ಟಿ ಮುಟ್ಟಿ ನೋಡಿದ್ಲು. ಸೆರಗಲ್ಲಿ ಒರೆಸಿದ್ಲು. ಮೇಷ್ಟ್ರಿಗೆ ಮೈಕು ಸಿಕ್ಕಿತಲ್ಲ, ಬಿಡ್ತಾರಾ? "ಮೂಡ್ಲಗಿರಿ, ಇವತ್ತಿಂದ ಇದು ನಿನ್ನ ಸೈಕಲ್ಲು. ನಿಮ್ಮವ್ವನ್ನ ಹೆಂಗೆ ನೋಡ್ಕೊಳ್ತೀಯೋ ಹಂಗೇ ಇದನ್ನೂ ನೋಡ್ಕೋಬೇಕು" ಅಂದ್ರು. ಎಲ್ಲರೂ ಚಪ್ಪಾಳೆ ಹೊಡೆದ್ರು. ನಾನೂ ಹೊಡೆದೆ. ಭಾಷಣದಲ್ಲಿ ಇಂಥಾ ಮಾತು ಚೆನ್ನಾಗಿರುತ್ತೆ.

"ಆಗಲಿ ಮೇಷ್ಟ್ರೇ, ಹಂಗೇ ಮಾಡ್ತೀನಿ" ಅಂದ ಮೂಡ್ಲ.

"ನಾಳೆಯಿಂದ ಬುಟ್ಟಿ ಸೈಕಲ್ ಮೇಲೆ" ಅಂತ ದಾರಿ ಉದ್ದಕ್ಕೂ ಹೇಳ್ಕೊಂಡು ಬಂದ್ಲು ಗಂಗಮಾಳಮ್ಮ. ಅವಳು ಅಷ್ಟು ನಕ್ಕಿದ್ದು ನಾನು ನೋಡಿರಲಿಲ್ಲ.

ಶನಿವಾರ ಬೆಳಗಿನ ಸ್ಕೂಲು. ಮಳೆ ನಿಂತಿರಲಿಲ್ಲ. ನಾನು ಬೇಳೆ ಚೀಲ ಹಿಡಿದು ಅವರ ಮನೆ ಬಾಗಿಲಿಗೆ ಹೋದೆ. ಗಂಗಮಾಳಮ್ಮ ಹಿತ್ತಲಲ್ಲಿ ಮುಖ ತೊಳೆದು ಬಂದ್ಲು. ನೋಡಿದ್ರೆ ಬುಟ್ಟಿ ಇಲ್ಲ, ಸೈಕಲ್ಲೂ ಇಲ್ಲ. ಮೂಡ್ಲ ಕಂಬಳಿ ಹೊದ್ದು ಮಲಗಿದಾನೆ.

"ಸೈಕಲ್ ಎಲ್ಲೋ?"

"ಸ್ಕೂಲಿಗೆ ಹೋಯ್ತು" ಅಂದ, ಕಂಬಳಿ ಒಳಗಿಂದ.

"ಯಾರು ತಗೊಂಡು ಹೋದ್ರೋ?"

"ಯಾರೂ ಇಲ್ಲ. ಅದೇ ಹೋಯ್ತು."

ನಾನು ಬಾಗಿಲಿಗೆ ಓಡಿ ನೋಡಿದೆ. ಅವರ ಬಾಗಿಲಿಂದ ಹಳ್ಳದ ತನಕ ಒಂದೇ ಇಳಿಜಾರು. ಕೆಂಪು ಮಣ್ಣಲ್ಲಿ ನೆಟ್ಟಗೆ ಚಕ್ರದ ಗುರುತು. ಕೆಳಗೆ ನೀರಲ್ಲಿ ಬದನೆಕಾಯಿ ತೇಲಿ ಹೋಗ್ತಿದ್ವು. ಬಂಡೆ ಹತ್ರ ಒಂದು ಚಕ್ರ ಮೇಲೆದ್ದು, ಸೊಟ್ಟಗಾಗಿ ತಿರುಗ್ತಾ ಇತ್ತು, ನಾನು ನೋಡ್ತಿರುವಾಗಲೇ ಅದೂ ಒಳಗೆ ಹೋಯ್ತು.

ವಾಪಸ್ ಬಂದು ಹೇಳಿದೆ. ಗಂಗಮಾಳಮ್ಮ ಮಗನ ಕಂಬಳಿ ಕಿತ್ತೆಸೆದು, "ಏನು ಮಾಡಿದೆಯೋ?" ಅಂದ್ಲು.

"ಮೇಷ್ಟ್ರೇ ಹೇಳಿದ್ರಲ್ಲವ್ವ, ಅವ್ವನ್ನ ನೋಡ್ಕೊಂಡಂಗೆ ನೋಡ್ಕೋ ಅಂತ. ದಿನಾ ನಿನ್ನ ಹೆಂಗೆ ಕಳಿಸ್ತೀನೋ ಹಂಗೇ ಕಳಿಸಿದೆ. ಬುಟ್ಟಿ ಹೊರಿಸಿದೆ. ಬಾಗಿಲ ತನಕ ಬಂದೆ. ಜಾರುತ್ತೆ, ನೋಡ್ಕೊಂಡು ಹೋಗು ಅಂದೆ. ಆಮೇಲೆ ಬಂದು ಮಲಗಿದೆ."

ನಾನು ಬೈಗುಳಕ್ಕೆ ಕಾದೆ. ಹಾಲು ಉಕ್ಕಿದ್ದಕ್ಕೆ ಬೈದೋಳು, ಸೈಕಲ್ ಹೊತ್ತಿದ್ದಕ್ಕೆ ಬೈದೋಳು, ಇದಕ್ಕೆ ಆ ಕಂಬಳೀನೇ ಎತ್ತಿ, ಮಡಚಿ ಇಟ್ಲು. ಅವನು ಹೇಳಿದ್ದರಲ್ಲಿ ತಪ್ಪು ಹುಡುಕಿದ್ಲೇನೋ, ಸಿಗಲಿಲ್ಲ.

ಮೂಲೇಲಿ ಎರಡು ಕುಂಬಳಕಾಯಿ ಉಳಿದಿದ್ವು. ಹಳೇ ಮಂಕರಿ ಬುಟ್ಟಿಗೆ ಹಾಕಿದ್ಲು, ಬಟ್ಟೆ ಸಿಂಬಿ ಸುತ್ತಿ ತಲೆ ಮೇಲೆ ಇಟ್ಟುಕೊಂಡ್ಲು. ಮಂಕರಿ ಅದರ ಮೇಲೆ ಎತ್ತಿಡೋಕೆ ಮೂಡ್ಲ ಎದ್ದು ಬಂದ, ಅದರಲ್ಲಿ ಅವನನ್ನ ತಪ್ಪು ಹೇಳೋ ಹಂಗಿಲ್ಲ. ನಾವು ಅಂಗಳ ಇಳಿದ್ವಿ. ಅವಳ ಬಾತ ಕಾಲು ಆ ಚಕ್ರದ ಗುರುತಿನ ಮೇಲೇ ಜಾರಿತು, ನಾನು ಕೈ ಹಿಡಿದೆ.

ಹಿಂದಿನಿಂದ ಮೂಡ್ಲ ಅಂದ, "ಜಾರುತ್ತೆ, ನೋಡ್ಕೊಂಡು ಹೋಗವ್ವ." ಅಂದು, ಒಳಗೆ ಹೋಗಿ ಕಂಬಳಿ ಹೊದ್ದುಕೊಂಡ.