ಹರಾಜಿಗೆ ಬಂದ ಹುಂಜಗಳು

ಕೋಳಿ ಅಂಕದ ಮೇಲೆ ದಾಳಿ ಮಾಡಿದ ಪೊಲೀಸರು, ಕಾಲಿಗೆ ಕತ್ತಿ ಕಟ್ಟಿ ಹುಂಜಗಳನ್ನು ಕಾದಾಡಿಸುತ್ತಿದ್ದ ದೂಮಪ್ಪನನ್ನೂ ಅವನ ಎರಡು ಹುಂಜಗಳನ್ನೂ ಹಿಡಿದು ಠಾಣೆಗೆ ತಂದರು. ಹುಂಜಗಳನ್ನು ಕಿಟಕಿಯ ಸರಳಿಗೆ ಕಟ್ಟಿದರು. ಒಂದರ ಮೈಮೇಲಿನ ಗಾಯ ಇನ್ನೊಂದು ಮಾಡಿದ್ದು.

ಒಳಗೆ ಟಿವಿಯಲ್ಲಿ ಸಿನಿಮಾ ನಡೆಯುತ್ತಿತ್ತು. ಅದನ್ನು ಕೊನೆಯವರೆಗೆ ನೋಡಿದ ಬಿಳಿ ಹುಂಜ ಹೇಳಿತು: "ಪೊಲೀಸರು ಬಂದರು. ಖಳನಿಗೆ ಕೋಳ ಬಿತ್ತು, ನೊಂದವರಿಗೆ ಬಿಡುಗಡೆಯಾಯಿತು. ನಮ್ಮ ಕಥೆಯೂ ಅಲ್ಲಿಗೇ ಬಂದಿದೆ."

"ಪೊಲೀಸರು ಬಂದ ಕೂಡಲೇ ಸಿನಿಮಾ ಮುಗಿಯುತ್ತದೆ. ನಮ್ಮದು ಈಗಷ್ಟೇ ಶುರುವಾಗಿದೆ," ಎಂದಿತು ಕೆಂಪು ಹುಂಜ.

ದೂಮಪ್ಪ ದಂಡ ಕಟ್ಟಿ ಸಂಜೆಯೊಳಗೆ ಮನೆ ಸೇರಿದ. ಹುಂಜಗಳ ಪರವಾಗಿ ದಂಡ ಕಟ್ಟುವವರಿರಲಿಲ್ಲ. ಅವು ಅಲ್ಲೇ ಉಳಿದವು. ಮರುದಿನ ಕೋರ್ಟಿನ ಅಪ್ಪಣೆಯಂತೆ ಅವುಗಳನ್ನು ಹರಾಜಿಗಿಟ್ಟರು. ಬಂದವರಲ್ಲಿ ಎಲ್ಲರಿಗಿಂತ ಹೆಚ್ಚು ಬೆಲೆ ಕೂಗಿದವನು ದೂಮಪ್ಪನೇ. ಎರಡನ್ನೂ ಕಂಕುಳಲ್ಲಿ ಇರುಕಿಕೊಂಡು ಅವನು ಠಾಣೆಯ ಮೆಟ್ಟಿಲಿಳಿದ.

"ಮತ್ತೆ ಅದೇ ಮನೆಗೇ ಹೊರಟೆವಲ್ಲ," ಎಂದಿತು ಬಿಳಿ ಹುಂಜ. "ಹಾಗಾದರೆ ಈ ಕೇಸಿನಿಂದ ಬದಲಾದದ್ದೇನು?"

"ನಿನ್ನೆಯವರೆಗೆ ಇವನು ನಮ್ಮನ್ನು ಚೀಲದಲ್ಲಿ ಬಚ್ಚಿಟ್ಟು ಒಯ್ಯುತ್ತಿದ್ದ," ಎಂದಿತು ಕೆಂಪು ಹುಂಜ. "ಇವತ್ತು ಇವನ ಜೇಬಿನಲ್ಲಿ ಕೋರ್ಟಿನ ರಸೀದಿ ಇದೆ."