ಎರೆಹುಳಕ್ಕೆ ಪಾಠ ಹೇಳಿದ ಅಡಿವೆಪ್ಪ

ಹೊಳೆಯ ದಂಡೆಯ ಆಶ್ರಮದಲ್ಲಿ ಇದ್ದವರೇ ಮೂವರು. ಎಲ್ಲರೂ ಅಜ್ಜಾರು ಎಂದು ಕರೆಯುವ ಗುರುಗಳು, ಅಡುಗೆಯ ನೀಲವ್ವ, ಮತ್ತು ಶಿಷ್ಯ ಅಡಿವೆಪ್ಪ.

ಅಡಿವೆಪ್ಪನ ವಿದ್ಯೆ ಮುಗಿದಿತ್ತು. ಆಚೆ ದಂಡೆಯ ಊರಿನವರು ಕೇಳಿಕೊಂಡರೆಂದು ಗುರುಗಳು ಅವನನ್ನು ಅಲ್ಲಿ ಪಾಠ ಹೇಳಲು ಕಳಿಸಿದರು. ಹೋದವನು ತಿಂಗಳು ತುಂಬುವಷ್ಟರಲ್ಲಿ ಮುಖ ಸಪ್ಪಗೆ ಮಾಡಿಕೊಂಡು ತಿರುಗಿ ಬಂದ.

“ಮೊದಲ ದಿನ ಹದಿನೇಳು ಮಂದಿ ಬಂದಿದ್ರು, ಅಜ್ಜಾರ. ಕಡೀಕ ಒಬ್ಬರೂ ಉಳೀಲಿಲ್ಲ. ಬಾಗಲಿಗೆ ಚಿಲಕ ಹಾಕಿದೆ, ಕಿಟಕಿ ಹಾರಿ ಓಡಿದ್ರು. ನನಗ ಗುರು ಆಗೋ ಯೋಗ್ಯತಿ ಇಲ್ಲೇನ್ರಿ?”

ಗುರುಗಳು ಅಡುಗೆಮನೆಯ ಹಿಂದಿನ ಕೈತೋಟ ತೋರಿಸಿದರು. ಅಲ್ಲಿ ತರಕಾರಿಯ ಎರಡು ಮಡಿಗಳು. ಒಂದು ನೀಲವ್ವನದು, ಇನ್ನೊಂದು ಖಾಲಿ.

“ಆ ಖಾಲಿ ಮಡಿಯೊಳಗ ಎರಿಹುಳ ಇರೂಹಂಗ ಮಾಡು. ಹುಣ್ಣಿಮಿ ದಿನ ಬಂದು ನೋಡ್ತೀನಿ. ಇದ್ರ ಹೊಳಿ ದಾಟು. ಇರದಿದ್ರ ಇಲ್ಲೇ ನೀಲವ್ವಗ ನೀರು ಸೇದಿಕೊಡು.”

ಇದೇನು ಮಹಾ ಎಂದುಕೊಂಡ ಅಡಿವೆಪ್ಪ. ಹೊಳೆದಂಡೆ ಅಗೆದು ನಲವತ್ತು ಹುಳ ಹಿಡಿದು ತಂದ. ಮಡಿಯಲ್ಲಿ ಒಂದು ತರಗೆಲೆಯೂ ಉಳಿಯದ ಹಾಗೆ ಗುಡಿಸಿದ. ಮಣ್ಣನ್ನು ಜರಡಿ ಹಿಡಿದ. ಹುಳಗಳನ್ನು ಬಿಟ್ಟು, ಓಡಿಹೋಗದಂತೆ ಸುತ್ತಲೂ ಹೆಂಚು ಹುಗಿದ. ಮಡಿ ದೇವರ ಕೋಣೆಯ ಹಾಗೆ ಚೊಕ್ಕವಾಯಿತು.

ಮೂರನೆಯ ದಿನ ಕೆದಕಿ ನೋಡಿದರೆ ಇದ್ದದ್ದು ಹನ್ನೊಂದು.

ಹೆಂಚುಗಳನ್ನು ಇನ್ನೂ ಒಂದು ಗೇಣು ಆಳಕ್ಕೆ ಇಳಿಸಿದ. ತಂಪಾಗಿರಲಿ ಎಂದು ನಾಲ್ಕು ಕೊಡ ನೀರು ಸುರಿದ. ಹುಳಗಳು ಉಸಿರುಕಟ್ಟಿ ಮೇಲೆ ಬಂದವು, ಹೆಂಚು ಹತ್ತಿದವು, ಆಚೆ ಇಳಿದವು. ಅವನ ಕಣ್ಣೆದುರಿಗೇ, ಯಾವ ಗಡಿಬಿಡಿಯೂ ಇಲ್ಲದೆ.

ಕೊನೆಗೆ ಉಳಿದವು ಎರಡು. ಅವುಗಳ ಮುಂದೆ ಪದ್ಮಾಸನ ಹಾಕಿ ಕೂತು, ಮನಸ್ಸು ಹರಿದಾಡಬಾರದು ಎಂಬ ವಿಷಯದ ಮೇಲೆ ಅಡಿವೆಪ್ಪ ಉಪದೇಶ ಮಾಡಿದ. ಗುರುಗಳು ಬಂದು ಬೆನ್ನಹಿಂದೆ ನಿಂತದ್ದು ಅವನಿಗೆ ಗೊತ್ತಾಗಲಿಲ್ಲ.

“ಪಾಠ ಚಲೋ ಇತ್ತು,” ಎಂದರು ಗುರುಗಳು. “ಅವು ಏನಂದ್ವು?”

“ಹೋದವ್ರಿ.”

“ಎತ್ತ ಹೋದವು?”

ಅದನ್ನು ಅವನು ಯೋಚಿಸಿಯೇ ಇರಲಿಲ್ಲ.

ಪಕ್ಕದ ನೀಲವ್ವನ ಮಡಿಗೆ ಹೋದ. ತರಕಾರಿ ಸಿಪ್ಪೆ, ಒಣ ಎಲೆ, ಅರ್ಧ ಕೊಳೆತ ಕುಂಬಳ. ಮೂಗು ಮುಚ್ಚಿಕೊಂಡು ಎಲೆಗಳನ್ನು ಸರಿಸಿದ. ಅಡಿಯಲ್ಲಿ ಬೆರಳಿಟ್ಟಲ್ಲೆಲ್ಲ ಎರೆಹುಳ!

“ನೀಲವ್ವಾ, ನನ್ನ ಹುಳಾನೆಲ್ಲಾ ಕದ್ದಿಯಲ್ಲಬೇ!”

ನೀಲವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

“ನಾ ಯಾಕ ಕದೀಲೋ ಎಪ್ಪಾ? ಕರದೂ ಇಲ್ಲ, ಕಟ್ಟೂ ಇಲ್ಲ. ಸಿಪ್ಪಿ ಚೆಲ್ತೀನಿ, ಎಲಿ ಬಿದ್ದಲ್ಲೇ ಬಿಡ್ತೀನಿ. ನೀ ಅವಕ್ಕ ಉಣ್ಣಾಕ ಏನಿಟ್ಟಿದ್ದಿ?”

ಅಡಿವೆಪ್ಪ ತನ್ನ ಮಡಿಯ ಕಡೆ ನೋಡಿದ. ಅಲ್ಲಿ ಏನೂ ಇರಲಿಲ್ಲ. ಅವನಿಗೆ ನಾಚಿಕೆಯಾಯಿತು, ನಗುವೂ ಬಂತು.

ಹುಣ್ಣಿಮೆಗೆ ಐದೇ ದಿನ ಉಳಿದಿದ್ದವು. ಹೆಂಚುಗಳನ್ನು ಕಿತ್ತ. ಗುಡಿಸಿ ಚೆಲ್ಲಿದ್ದ ಎಲೆಗಳನ್ನೆಲ್ಲ ಬುಟ್ಟಿಯಲ್ಲಿ ಹೊತ್ತು ತಂದ. ನೀಲವ್ವನ ಹತ್ತಿರ ಸಿಪ್ಪೆ ಬೇಡಿದ. ಹೀರೇಕಾಯಿ ಸಿಪ್ಪೆ ಕೊಡಲು ಅವಳು ಒಪ್ಪಲಿಲ್ಲ, ಅದು ಚಟ್ನಿಗೆ ಬೇಕು, ಉಳಿದದ್ದೆಲ್ಲ ಕೊಟ್ಟಳು. ಎಲ್ಲವನ್ನೂ ಹರವಿ, ನೀರು ಚಿಮುಕಿಸಿ ಕಾದು ಕೂತ. ಕೆದಕಿ ನೋಡಲು ಕೈ ತುರಿಸುತ್ತಿತ್ತು. ಕೈಗಳನ್ನು ಕಂಕುಳಲ್ಲಿ ಅದುಮಿಕೊಂಡ.

ಹುಣ್ಣಿಮೆಯ ಬೆಳಗ್ಗೆ ಮೋಡ ಕವಿದಿತ್ತು. ಮಡಿಯ ಎಲೆಗಳ ನಡುವೆ ಮಣ್ಣಿನ ಸಣ್ಣ ಸಣ್ಣ ಗುಳಿಗೆಗಳ ಒಂದು ಗುಪ್ಪೆ ಎದ್ದಿತ್ತು. ಅದರ ಪಕ್ಕದಲ್ಲೊಂದು ಎಲೆ, ಗಾಳಿಯಿಲ್ಲದೆ ಅಲುಗಿತು.

ಅಡಿವೆಪ್ಪ ಬೋರಲು ಮಲಗಿ ನೋಡಿದ. ಒಂದು ಎರೆಹುಳ ಎಲೆಯ ತುದಿ ಹಿಡಿದು ತನ್ನ ಬಿಲದೊಳಕ್ಕೆ ಎಳೆಯುತ್ತಿತ್ತು.

“ಅಜ್ಜಾರ! ಬಂದೈತ್ರೀ! ಉಣ್ಣಾಕತ್ತೈತ್ರೀ!”

ಕೂಗಿಗೆ ಹೊಳೆಯ ಕೊಕ್ಕರೆಗಳು ಎದ್ದು ಹಾರಿದವು. ನೀಲವ್ವ ಸೌಟು ಹಿಡಿದುಕೊಂಡೇ ಓಡಿ ಬಂದಳು. ಗುರುಗಳು ಧೋತರ ಎತ್ತಿಕಟ್ಟಿ ಬಂದು ಶಿಷ್ಯನ ಪಕ್ಕದಲ್ಲಿ ಹಸಿ ಮಣ್ಣಿನ ಮೇಲೆಯೇ ಮಲಗಿದರು.

ಮೂವರೂ ಉಸಿರು ಬಿಗಿಹಿಡಿದು ನೋಡಿದರು. ಎಲೆ ಅಲುಗಿತು, ಸಿಕ್ಕಿಕೊಂಡಿತು, ಮತ್ತೆ ಅಲುಗಿತು. ಅದು ಅರ್ಧ ಒಳಗೆ ಹೋದಾಗ ಗುರುಗಳು ಚಪ್ಪಾಳೆ ತಟ್ಟಿದರು.

“ಎಷ್ಟ್ ಶಾಣ್ಯಾ ಐತಿ ನೋಡು! ಚೂಪನ್ನ ಕಡಿಯಿಂದನ ಎಳೀತೈತಿ!”

ಮೂವರೂ ಬಹಳ ಹೊತ್ತು ನಕ್ಕರು. ನಕ್ಕು ಮುಗಿದ ಮೇಲೆ ಅಡಿವೆಪ್ಪನಿಗೆ ತನ್ನ ಪರೀಕ್ಷೆಯ ನೆನಪಾಯಿತು.

“ಆದ್ರ ಒಂದ ಬಂದೈತ್ರೀ ಅಜ್ಜಾರ. ಒಂದರ ಮ್ಯಾಲೆ ಹೊಳಿ ದಾಟಬಹುದೇನ್ರಿ?”

ಗುರುಗಳು ಅವನ ಕೂದಲಿಗೆ ಅಂಟಿದ್ದ ಮಣ್ಣನ್ನು ಬೆರಳಿನಿಂದ ಬಿಡಿಸಿ ತೆಗೆದರು.

“ದಾಟೋ ಅಡಿವ್ಯಾ. ಇಷ್ಟು ವರ್ಷದಾಗ ನನ್ನ ಕಡೆ ಬಂದು ಉಳಿದಾಂವನೂ ಒಬ್ಬನ. ನನಗ ಹೊಟ್ಟಿ ತುಂಬೈತಿ.”