ಕಲಸಿ ಕೊಟ್ಟ ಅನ್ನ

"ಗುರುಗಳೇ, ನಮ್ಮ ಶಾಲೆಗೆ ಮಾತಾಡುವ ರೋಬೋಟ್ ಗೊಂಬೆಯೊಂದನ್ನು ಕೊಡುತ್ತಾರಂತೆ. ಆಟಿಸಂ ಇರುವ ಮಕ್ಕಳ ಜೊತೆ ಕೂರಿಸುವುದಕ್ಕೆ. ನಿನ್ನೆ ಶಿಕ್ಷಕರೆಲ್ಲ ಸಭೆ ಸೇರಿದ್ದೆವು. ಕೆಲವರು ತರಿಸೋಣ ಎಂದರು. ಕೆಲವರು, ಮನಸ್ಸಿಲ್ಲದ ವಸ್ತು ಮಕ್ಕಳಿಗೆ ಏನು ಕಲಿಸೀತು ಎಂದರು. ನಾಳೆ ನಾನು ನನ್ನ ಅಭಿಪ್ರಾಯ ಹೇಳಬೇಕು. ಏನು ಹೇಳಲಿ?" ಎಂದು ಶಿಷ್ಯನು ಕೇಳಿದನು.

ಗುರುಗಳು ಕತೆ ಹೇಳಿದರು.

"ಒಂದು ಊರಿನಲ್ಲಿ ಒಬ್ಬ ಶಿಕ್ಷಕಿ ಇದ್ದಳು. ಅವಳ ತರಗತಿಯಲ್ಲಿ ತನುಜಾ ಎಂಬ ಮಗುವಿತ್ತು. ಮಗುವಿಗೆ ಆಟಿಸಂ. ಮಾತು ಅಪರೂಪ, ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಶಿಕ್ಷಕಿಗೆ ಆ ಮಗು ಎಂದರೆ ಪ್ರಾಣ. ಮಧ್ಯಾಹ್ನದ ಬಿಸಿಯೂಟಕ್ಕೆ ತಾನೇ ಪಕ್ಕದಲ್ಲಿ ಕೂತು, ಅನ್ನಕ್ಕೆ ಸಾರು ಹಾಕಿ, ಮೆತ್ತಗೆ ಕಲಸಿ ಕೊಡುತ್ತಿದ್ದಳು. ನಮ್ಮಲ್ಲಿ ಪ್ರೀತಿ ಎಂದರೆ ಅದೇ ತಾನೇ? ನೆಂಟರಿಗಾದರೆ ಕೇಳಿ ಬಡಿಸುತ್ತೇವೆ. ಮಕ್ಕಳನ್ನು ಯಾರು ಕೇಳುತ್ತಾರೆ?

"ಮಗು ಎರಡು ತುತ್ತು ತಿಂದು ತಟ್ಟೆ ತಳ್ಳುತ್ತಿತ್ತು. ಮನೆಯಲ್ಲೂ ಹಾಗೇ. ಒಂದು ದಿನ ತಾಯಿ ಶಾಲೆಗೆ ಬಂದು ಕಣ್ಣೀರು ಹಾಕಿದಳು. 'ಮೇಡಂ, ಕೈಕಾಲು ಕಡ್ಡಿ ಆಗೋಗಿದೆ. ತೂಕ ಇನ್ನೂ ಇಳಿದರೆ ಮೂಗಿಗೆ ಪೈಪು ಹಾಕಿ ಊಟ ಕೊಡಬೇಕಾಗುತ್ತೆ ಅಂತಾರೆ ಡಾಕ್ಟರು. ಇವಳಿಗೆ ಏನು ಬೇಕು ಅನ್ನೋದೇ ಗೊತ್ತಾಗ್ತಿಲ್ಲ' ಎಂದಳು. ಶಿಕ್ಷಕಿ ಏನು ಮಾಡಿದಳು ಹೇಳು? ಇನ್ನೂ ಮೆತ್ತಗೆ ಕಲಸಿದಳು. ಮೇಲೊಂದಿಷ್ಟು ತುಪ್ಪವನ್ನೂ ಹಾಕಿದಳು.

"ಆಗ ಆ ಶಾಲೆಗೂ ಇಂಥದ್ದೇ ಗೊಂಬೆ ಬಂತು. ಶಿಕ್ಷಕಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಆದರೂ ಹೆಡ್‌ಮಾಸ್ಟರು ಹೇಳಿದ ಮೇಲೆ ಇನ್ನೇನು, ಊಟದ ಹೊತ್ತಿಗೆ ಮಗುವಿನ ಎದುರು ಕೂರಿಸಿದಳು. ಗೊಂಬೆಗೆ ಕಲಿಸಿಟ್ಟಿದ್ದು ಒಂದೇ ಪ್ರಶ್ನೆ. 'ತನುಜಾ, ನಿನಗೆ ಊಟ ಹೇಗೆ ಬೇಕು?' ಕೇಳಿ ಸುಮ್ಮನಾಗುತ್ತಿತ್ತು. ಬಹಳ ಹೊತ್ತು ಬಿಟ್ಟು ಅದೇ ದನಿಯಲ್ಲಿ ಮತ್ತೆ ಕೇಳುತ್ತಿತ್ತು. ಅದಕ್ಕೆ ಬೇಸರವಿಲ್ಲ, ಅವಸರವಿಲ್ಲ, ಅಯ್ಯೋ ಪಾಪ ಎನ್ನುವ ಕರುಣೆಯೂ ಇಲ್ಲ. ಅದು ಕೇಳುತ್ತಲೇ ಇರುವಾಗ ಶಿಕ್ಷಕಿ ತನ್ನ ಪಾಡಿಗೆ ತಾನು ಕಲಸುತ್ತಿದ್ದಳು."

"ಕೊನೆಗೆ ಮಗು ಗೊಂಬೆಯ ಕೈಯಿಂದ ಉಂಡಿತು, ಅಲ್ಲವೇ?" ಎಂದನು ಶಿಷ್ಯ.

"ತಾಳಯ್ಯ. ನನ್ನ ತಟ್ಟೆಗೂ ನೀನೇ ಕೈ ಹಾಕಬೇಡ," ಎಂದು ಗುರುಗಳು ಮುಂದುವರಿಸಿದರು. "ಒಂದು ದಿನ ಗೊಂಬೆ ಕೇಳಿತು, ಸುಮ್ಮನಾಯಿತು. ಶಿಕ್ಷಕಿಯ ಕೈ ಅನ್ನದಲ್ಲಿತ್ತು. ಮಗು ಗೊಂಬೆಯನ್ನು ನೋಡಿ ಹೇಳಿತು, 'ಕಲಸಬೇಡ.'

"ಶಿಕ್ಷಕಿಯ ಕೈ ನಿಂತಿತು. ಮೊದಲು ಅವಳಿಗೆ ಹೊಟ್ಟೆ ಉರಿಯಿತು. ಇಷ್ಟು ದಿನ ಉಣಿಸಿದವಳು ನಾನು, ಮಾತಾಡಿದ್ದು ಇದರ ಜೊತೆ ಎಂದು. ಆಮೇಲೆ ತಿಳಿಯಿತು, ಮಾತು ಗೊಂಬೆಗಲ್ಲ, ತನಗೇ ಹೇಳಿದ್ದು ಎಂದು. ಎದ್ದು ಕೈ ತೊಳೆದು ಬಂದಳು. ಬೇರೆ ತಟ್ಟೆಯಲ್ಲಿ ಬರಿ ಅನ್ನ, ಬಟ್ಟಲಲ್ಲಿ ಸಾರು ಇಟ್ಟಳು. ಮಗು ಅನ್ನವನ್ನು ಪೂರಾ ತಿಂದಿತು. ಆಮೇಲೆ ಸಾರು ಕುಡಿಯಿತು. ಶಿಕ್ಷಕಿ ಅಡುಗೆಕೋಣೆಯ ಹಿಂದೆ ಹೋಗಿ ಮನಸಾರೆ ಅತ್ತಳು. ಅಷ್ಟು ಸಂತೋಷ ಅವಳಿಗೆ ಎಂದೂ ಆಗಿರಲಿಲ್ಲ.

"ಮಗು ಮೈ ತುಂಬಿಕೊಂಡಿತು. ಪೈಪಿನ ಮಾತು ನಿಂತಿತು. ಶಾಲೆಯಲ್ಲಿ ಆಯುಧಪೂಜೆ ಮಾಡಿದಾಗ ತಾಯಿ ಬಂದು ಗೊಂಬೆಯ ಹಣೆಗೆ ಕುಂಕುಮವಿಟ್ಟು ಕೈಮುಗಿದಳು. ಉಳಿದ ಶಿಕ್ಷಕರು ನಕ್ಕರು. ಈ ಶಿಕ್ಷಕಿ ನಗಲಿಲ್ಲ. ತಾನೂ ಒಂದು ಹೂ ಇಟ್ಟು, 'ಕೇಳಿ ಸುಮ್ಮನಿರುವುದನ್ನು ನಿನ್ನಿಂದ ಕಲಿತೆ. ನಿನ್ನ ಋಣ ದೊಡ್ಡದು' ಎಂದಳು. ಗೊಂಬೆ ಎಂದಿನಂತೆ, 'ತನುಜಾ, ನಿನಗೆ ಊಟ ಹೇಗೆ ಬೇಕು?' ಎಂದಿತು. ಅದಕ್ಕೆ ಗೊತ್ತಿದ್ದದ್ದು ಅಷ್ಟೇ.

"ಮುಂದಿನ ವರ್ಷ ಗೊಂಬೆಯನ್ನು ಬೇರೆ ಶಾಲೆಗೆ ಕೊಂಡೊಯ್ದರು. ಶಿಕ್ಷಕಿ ಅದರ ಜಾಗದಲ್ಲಿ ಕೂತು ಅದೇ ಪ್ರಶ್ನೆ ಕೇಳಿದಳು. ಕೈಕಟ್ಟಿ ಕಾದಳು. ಕಲಸುವುದಕ್ಕಿಂತ ಕಾಯುವುದೇ ಕಷ್ಟವಾಯಿತು. ಅನ್ನ ಆರಿತು. ಕೊನೆಗೆ ಮಗು ಅವಳ ಬಳೆಯನ್ನು ನೋಡುತ್ತಾ, 'ಮೊಸರು. ಬೇರೆ ಬಟ್ಟಲು' ಎಂದಿತು."

ಶಿಷ್ಯನ ಮುಖ ಅರಳಿತು. "ಅರ್ಥವಾಯಿತು ಗುರುಗಳೇ. ಮಕ್ಕಳಿಗೆ ಏನು ಬೇಕೆಂದು ಈಗ ನನಗೆ ಗೊತ್ತು. ಗೊಂಬೆಯನ್ನು ತರಿಸಲೇಬೇಕು ಎಂದು ನಾಳೆ ಸಭೆಯಲ್ಲಿ ಹೇಳುತ್ತೇನೆ," ಎಂದನು.

ಗುರುಗಳು ಅವನನ್ನು ನೋಡಿ ಹೇಳಿದರು: "ಸಭೆಯಲ್ಲಿ ಕೂತವರೆಲ್ಲ ಕಲಸುವವರೇ ಆದಿರಿ, ಉಣ್ಣುವವರನ್ನು ಯಾರಾದರೂ ಕೇಳಿದಿರೇನಪ್ಪ?"